ಹಳೂ, ಹಾಳು

ಓಝರ್, ೧೪-೧೧-೧೯೭೧, ಭಾನುವಾರ

ವೈಜನಾಥನ ಮಾತು ಇನ್ನೂ ಚುಚ್ಚುತ್ತಿದೆ. ನಾನು ಕೆಲಸ ಮಾಡುವ ಈ ವಿಮಾನ ಫ್ಯಾಕ್ಟರಿಯಲ್ಲಿ ನನ್ನಂತೆ ಹಳೆಯ ಸಿನಿಮಾ ರೀಲು ಕೂಡಿಡುವವನು ಅವನೊಬ್ಬನೇ. ಯೇವಲಾದ ಗುಜರಿ ಅಂಗಡಿಯಲ್ಲಿ ನನಗೆ ಸಿಕ್ಕ ನಗೆಚಿತ್ರವನ್ನು ಇಂದು ನೋಡಿ, “ಯಾರೂ ಕೇಳದ ಸಿನಿಮಾ, ಅದೂ ಹಾಳಾಗ್ಯಾದ. ಒಗದುಬಿಡ್ರಿ” ಅಂದ.

ಒಗೆಯುವುದಿಲ್ಲ. ಅದರಲ್ಲಿ ಗಡಿಗೆ ಹೊತ್ತ ಕನ್ನಡದ ಅಳಿಯನಿಗೆ ಮರಾಠಿ ಮಾವ “ಹಳೂ, ಹಳೂ” ಎನ್ನುತ್ತಾನೆ, ನಿಧಾನ ಅಂತ. ಅಳಿಯನ ಕಿವಿಗೆ ಅದು “ಹಾಳು”. ಸಿಟ್ಟಿಗೆದ್ದು ಗಡಿಗೆಯನ್ನೇ ಎತ್ತಿ ಒಗೆಯುತ್ತಾನೆ. ಇದಕ್ಕೆ ಬೆಂಗಳೂರಿನವರೂ ನಗಲಾರರು, ಪುಣೆಯವರೂ ನಗಲಾರರು; ಎರಡೂ ಭಾಷೆ ಬಲ್ಲವರೇ ಬೇಕು. ಇಲ್ಲಿಯ ಮರಾಠಿಯಲ್ಲೇ ಬೆಳೆದು, ಕನ್ನಡ ಮಾತಾಡಲು ನಾಚುವ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ರೀಲನ್ನು ಡಬ್ಬಿಗೆ ಹಾಕುವಾಗ ಅವಳೇ ಎಚ್ಚರಿಸಿದಳು: “ಹಳೂ, ಅಪ್ಪಾ!”

ಹಾಳಾದರೆ ಹಾಳಾಗಲಿ. ನಾವಿಬ್ಬರೂ ಹಳೂ ಹಳೂ ನೋಡುತ್ತೇವೆ.