ನನ್ನ ಹಾಸಿಗೆಯ ಮೇಲೆ ನಡೆದ ವೈಮಾನಿಕ ದಾಳಿಯ ಕುರಿತು

ಆಕಾಶ ಕಾವಲು ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ತಾವು ನಮ್ಮ ಕಟ್ಟಡದ ತಾರಸಿಯ ಮೇಲೆ ಧ್ವಂಸ ಮಾಡಿದ ಶತ್ರುಗಳ ಉಡಾವಣಾ ಕೇಂದ್ರವು ನನ್ನ ಹಾಸಿಗೆ. ಗಾಯಗೊಳಿಸಿ ಹಿಡಿದು, ಆಸ್ಪತ್ರೆಯಲ್ಲಿ ಬಂದೂಕಿನ ಕಾವಲಿನಲ್ಲಿಟ್ಟಿರುವ ಉಗ್ರನು, ನಮ್ಮ ಬೀದಿಗೆಲ್ಲ ಹಾಸಿಗೆ ಮಾಡಿಕೊಡುವವನು. ಅವನನ್ನು ಬಿಟ್ಟುಬಿಡಿ ಎಂದು ಕೇಳಲು ತಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ. ತಮ್ಮ ಕೋಣೆಯ ಬಾಗಿಲು ತೆರೆಯಲಿಲ್ಲ. ಆದ್ದರಿಂದ ಹತ್ತು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್ ದಟ್... ಇದರ ಮುಂದಿನದು ಮರೆತಿದೆ. ಕಾಲೇಜಿನಲ್ಲಿ ರಜೆ ಅರ್ಜಿಗೆಂದು ಬಾಯಿಪಾಠ ಮಾಡಿದ್ದು. ಅದರಲ್ಲಿ ಇದಾದ ಮೇಲೆ ಜ್ವರ ಬರುತ್ತದೆ.

ನನ್ನ ಪರಿಚಯ ತಮಗೆ ಹೇಳಬೇಕಾಗಿಲ್ಲ. ನಮ್ಮ ರಕ್ಷಣೆಗೆಂದೇ ತಾವು ಹಾರಿಬಿಟ್ಟಿರುವ ಡ್ರೋನ್ ಬೆಳಗಿನಿಂದ ನಮ್ಮ ನೆತ್ತಿಯ ಮೇಲೆ ಗುಂಯ್‌ಗುಡುತ್ತಿರುತ್ತದೆ. ನಾನು ಯಾವಾಗ ಏಳುತ್ತೇನೆ, ನನ್ನ ಯಾವ ಬನಿಯನ್ನಿಗೆ ಎಲ್ಲಿ ತೂತು ಎಂಬುದೆಲ್ಲ ತಮಗೆ ಗೊತ್ತು. ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು ಇಷ್ಟು ಗಮನವಿಟ್ಟು ನೋಡಿದವರು ತಾವೊಬ್ಬರೇ. ಅವಳಾದರೂ ನಡುನಡುವೆ ಬೇಸತ್ತು ಮುಖ ತಿರುಗಿಸುತ್ತಿದ್ದಳು. ತಮ್ಮ ಕೃಪೆಯಿಂದ ನಮ್ಮ ಬೀದಿ ಈಗ ಬಹಳ ಶಿಸ್ತು ಕಲಿತಿದೆ. ಉದ್ದನೆಯ ವಸ್ತುವನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಬಿಸಿಲಿದ್ದರೂ ಕೊಡೆ ಇಲ್ಲ. ಕೆಳಮನೆಯವರ ಅಳಿಯ ಪರದೆ ಕಟ್ಟುವ ಕೋಲನ್ನು ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ, ಚೀಲದಲ್ಲಿ ಅಡಗಿಸಿಕೊಂಡು ತಂದ. ಪರದೆ ಈಗ ನಡುವೆ ಜೋತುಬಿದ್ದಿದೆ, ಅತ್ತೆ ದಿನಾ ಗೊಣಗುತ್ತಾಳೆ, ಆದರೆ ಅಳಿಯ ಬದುಕಿದ್ದಾನೆ. ಇದಕ್ಕೆ ಭದ್ರತೆ ಎಂದು ಹೆಸರು ತಾನೇ?

ಈ ಶಿಸ್ತು ಕಲಿಯದವನು ಹಾಸಿಗೆಯವನೊಬ್ಬನೇ. ಅವನಾದರೂ ಏನು ಮಾಡಿಯಾನು? ಅವನ ಕಸುಬಿನ ಉಪಕರಣವೇ ಆಳೆತ್ತರದ್ದು. ಹತ್ತಿ ಹಿಂಜುವ ಬಿಲ್ಲು ಅದು: ಉದ್ದನೆಯ ಮರದ ದಂಡ, ತುದಿಯಿಂದ ತುದಿಗೆ ಬಿಗಿದ ತಂತಿ. ಗಂಟುಗಟ್ಟಿದ ಹತ್ತಿಯ ನಡುವೆ ತಂತಿಯನ್ನಿಟ್ಟು ಮರದ ಕೊಡತಿಯಿಂದ ಬಡಿದರೆ ಹತ್ತಿ ಬಿಡಿಬಿಡಿಯಾಗಿ ಅರಳುತ್ತದೆ. ಅವನು ಕೂಗಿ ಕರೆಯುವವನಲ್ಲ. ಬಿಲ್ಲನ್ನು ಹೆಗಲಿಗೇರಿಸಿ, ತಂತಿ ಮೀಟುತ್ತ ಬರುತ್ತಿದ್ದ. ಟೊಂಯ್ ಎಂದರೆ ಸಾಕು, ಕಿಟಕಿಗಳು ತೆರೆಯುತ್ತಿದ್ದವು. ತಮ್ಮದು ಗುಂಯ್ ಎಂದರೆ ಮುಚ್ಚುತ್ತವೆ. ಎರಡೂ ಗಾಳಿಯಲ್ಲಿ ಬರುವ ಸದ್ದೇ.

ನನ್ನದು ಇಬ್ಬರ ಹಾಸಿಗೆ. ಒಬ್ಬನಿಗಾಗುವಂತೆ ಚಿಕ್ಕದು ಮಾಡಿಸಬೇಕೆಂದು ಬಹಳ ದಿನ ಮುಂದೂಡಿ, ಆವತ್ತು ಗಟ್ಟಿಮನಸ್ಸು ಮಾಡಿ ಅವನನ್ನು ತಾರಸಿಗೆ ಕರೆದೆ. ಹೊಲಿಗೆ ಬಿಚ್ಚಿ, ಒಳಗೆ ಕೈಹಾಕಿ ನೋಡಿ ನಕ್ಕ.

"ಯಜಮಾನ್ರೇ, ಈ ಕಡೆ ಹತ್ತಿ ಕಲ್ಲಾಗಿದೆ, ಆ ಕಡೆದು ಹಾಗೇ ಇದೆ. ಅಕ್ಕಾವ್ರು ಹೂವಿನ ಹಾಗೆ ಮಲಗ್ತಿದ್ರು. ನೀವು ಒಳ್ಳೆ ಮೂಟೆ."

"ಮೂಟೆಗೆ ಎಷ್ಟು ಬೇಕೋ ಅಷ್ಟು ಮಾಡಿಕೊಡಯ್ಯಾ. ಮಿಕ್ಕಿದ್ದನ್ನ ನೀನೇ ಇಟ್ಕೋ."

"ಅಕ್ಕಾವ್ರ ಕಡೆದು ನಂಗೆ ಬೇಡ. ನಿಮಗೆ ದಿಂಬು ಮಾಡಿಕೊಡ್ತೀನಿ, ತಲೆ ಕೆಳಗೇ ಇರ್ಲಿ. ಈಗ ಹೋಗಿ ಟೀ ಮಾಡಿ. ಸಕ್ಕರೆ ಹಾಕಿ ಮತ್ತೆ! ಹೋದ ಸಲ ನಿಮ್ಮ ಟೀನೂ ದುಃಖದಲ್ಲಿತ್ತು."

ಹಾಲು ಉಕ್ಕುವುದನ್ನೇ ಕಾಯುತ್ತ ಒಲೆಯ ಮುಂದೆ ನಿಂತಿದ್ದೆ. ಅಷ್ಟರಲ್ಲಿ ಮನೆಯೇ ಒಮ್ಮೆ ನೆಗೆದು ಕುಳಿತಂತಾಯಿತು. ಅವನು ಬಿಲ್ಲನ್ನು ಗೋಡೆಗೊರಗಿಸಿ, ಮೆಟ್ಟಿಲ ಕೋಣೆಯ ಹಿಂದಿನ ನಲ್ಲಿಯಲ್ಲಿ ಕೈತೊಳೆಯುತ್ತಿದ್ದನಂತೆ. ಅದಕ್ಕೇ ಜೀವ ಉಳಿಯಿತು. ನಾನು ಮೇಲೆ ಹೋದಾಗ ಅವನು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಕುಳಿತಿದ್ದ, ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ಹತ್ತಿ ಮಾತ್ರ ಆರಾಮಾಗಿ ಬೀದಿಯ ಮೇಲೆಲ್ಲ ತೇಲುತ್ತ ಇಳಿಯುತ್ತಿತ್ತು.

ಸಂಜೆ ಟಿವಿಯಲ್ಲಿ ತಮ್ಮ ವಕ್ತಾರರು ಬಂದರು. ಬಿಲ್ಲಿನ ಸುತ್ತ ಕೆಂಪು ವೃತ್ತ ಎಳೆದು, "ಭುಜದ ಮೇಲಿಟ್ಟು ಉಡಾಯಿಸುವ ಸಾಧನ" ಎಂದರು. ಗುರುತಿಸಿದ್ದು ಮನುಷ್ಯರಲ್ಲವಂತೆ, ತಾನೇ ಕಲಿಯುವ ಕಂಪ್ಯೂಟರಂತೆ. ಅದು ತಪ್ಪುವುದು ಅಪರೂಪವಂತೆ. ಎಲ್ಲ ಕಲಿತ ಆ ಕಂಪ್ಯೂಟರ್ ಒಮ್ಮೆಯೂ ಹಾಸಿಗೆಯ ಮೇಲೆ ಮಲಗಿಲ್ಲವೆಂದು ಕಾಣುತ್ತದೆ. ಆಮೇಲೆ ಮೇಲಕ್ಕೇಳುವ ಬಿಳಿಯ ಮೋಡವೊಂದನ್ನು ತೋರಿಸಿ, "ಸ್ಥಳದಲ್ಲಿ ಸ್ಫೋಟಕಗಳ ದಾಸ್ತಾನಿತ್ತು ಎಂಬುದಕ್ಕೆ ಈ ಬಿಳಿ ಹೊಗೆಯೇ ಸಾಕ್ಷಿ" ಎಂದರು. ಮಾನ್ಯರೇ, ಆ ಹೊಗೆ ನನ್ನ ಹೆಂಡತಿಯ ಕಡೆಯ ಹತ್ತಿ.

ಕೊನೆಗೆ "ಗುರಿಯನ್ನು ನಿಷ್ಕ್ರಿಯಗೊಳಿಸಲಾಯಿತು" ಎಂದರು. ಮಾಡಿದವರು ಯಾರೆಂದು ಗೊತ್ತಿಲ್ಲದಾಗ ಪ್ಯಾಸಿವ್ ವಾಯ್ಸ್ ಬಳಸಬೇಕೆಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಗೊತ್ತಿದ್ದಾಗಲೂ ಬಳಸಬಹುದೆಂದು ತಮ್ಮಿಂದ ಕಲಿತೆ.

ತಮ್ಮ ಕಚೇರಿಯ ಗುಮಾಸ್ತ ಒಳ್ಳೆಯ ಹುಡುಗ, ಕುಳಿತುಕೊಳ್ಳಲು ಕುರ್ಚಿ ಕೊಟ್ಟ. "ತಾತ, ಅದು ಆಯುಧ ಅಲ್ಲ ಅಂತ ತಜ್ಞರು ಹೇಳ್ಬೇಕು" ಎಂದ.

"ನೀನು ಹಾಸಿಗೆ ಮೇಲೆ ಮಲಗ್ತೀಯೇನಪ್ಪಾ?"

"ಮಲಗ್ತೀನಿ."

"ಹಾಗಾದ್ರೆ ನೀನೇ ತಜ್ಞ. ಬರಿ."

"ನಂದು ಫೋಮ್ ಹಾಸಿಗೆ ತಾತ."

ಅಲ್ಲಿಂದ ಆಸ್ಪತ್ರೆಗೆ ಹೋದೆ. ಹಾಸಿಗೆಯವನ ಎರಡೂ ಕಿವಿಗಳು ಹೋಗಿವೆ. ತಂತಿಯ ಸದ್ದು ಮಂದವಾಗಿದ್ದರೆ ಹತ್ತಿಯಲ್ಲಿ ಇನ್ನೂ ಗಂಟಿದೆ, ತಿಳಿಯಾದರೆ ಕೆಲಸ ಮುಗಿಯಿತು. ಇದು ಅವನ ಕಸುಬು. ಆ ಕಸುಬು ಮಾಡುವವನಿಗೆ ಈಗ ಸದ್ದೇ ಇಲ್ಲ. ಅವನ ಹೆಂಡತಿಗೆ ಒಳಗೆ ಪ್ರವೇಶವಿಲ್ಲ, ವಾರ್ಡಿನ ಬಾಗಿಲಲ್ಲೇ, ಬಂದೂಕು ಹಿಡಿದ ಕಾವಲಿನವನ ಪಕ್ಕ ನಿಲ್ಲಬೇಕು.

"ನೋಡಣ್ಣಾ," ಎಂದಳು ನನ್ನನ್ನು ಕಂಡು. "ಕೂಗಿದ್ರೆ ಅವರಿಗೆ ಕೇಳ್ಸಲ್ಲ. ಕೈಸನ್ನೆ ಮಾಡಿದ್ರೆ ಇವನು ಗದರ್ತಾನೆ."

ಕಾವಲಿನವನು ನೆಲ ನೋಡಿದ. "ನಂಗೇನು ಆಸೆನಾ ಅಕ್ಕಾ? ಸನ್ನೆ ಅಂದ್ರೆ ರಹಸ್ಯ ಸಂಕೇತ ಇರ್ಬಹುದು, ಬಿಡ್ಬೇಡ ಅಂತ ಮೇಲಿಂದ ಆರ್ಡರ್."

"ಊಟ ಆಯ್ತಾ ಅಂತ ಕೇಳೋದೂ ಸಂಕೇತಾನೇನೋ?"

"ಅದು ಏನು ಊಟ ಅನ್ನೋದ್ರ ಮೇಲಿದೆ ಅಕ್ಕಾ."

ನಾವು ಮೂವರೂ ನಕ್ಕುಬಿಟ್ಟೆವು, ಮಾನ್ಯರೇ. ಮಂಚದ ಮೇಲಿದ್ದವನಿಗೆ ಯಾಕೆ ನಗುತ್ತಿದ್ದೇವೆಂದು ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ, ತನ್ನ ಧ್ವನಿ ತನಗೇ ಕೇಳದವರು ಕೂಗುವಂತೆ, ಇಡೀ ವಾರ್ಡಿಗೆ ಕೇಳುವಂತೆ ಕೂಗಿದ: "ಯಜಮಾನ್ರೇ, ನನ್ನ ಬಿಲ್ಲು ಇದೆಯಾ?"

ತಲೆಯಾಡಿಸಿ ಇದೆ ಎಂದೆ. ಕಾವಲಿನವನು ಏನೂ ನೋಡದವನಂತೆ ಗೋಡೆಯ ಕಡೆಗೆ ತಿರುಗಿಕೊಂಡ. ನಾನು ಹೇಳಿದ್ದು ಸುಳ್ಳೇನಲ್ಲ. ಬಿಲ್ಲು ಇದೆ, ಎರಡು ತುಂಡಾಗಿ, ತಮ್ಮ ಕಚೇರಿಯ ಗಾಜಿನ ಕಪಾಟಿನಲ್ಲಿ, ವಶಪಡಿಸಿಕೊಂಡ ಆಯುಧಗಳ ಸಾಲಿನಲ್ಲಿ.

ನನಗೆ ಹಾಸಿಗೆಯ ಪರಿಹಾರ ಬೇಡ. ಈ ವಯಸ್ಸಿಗೆ ನೆಲವೂ ಒಂದು ರೀತಿ ಒಳ್ಳೆಯದು, ಬೀಳುವ ಭಯವಿಲ್ಲ. ಬಾಗಿಲಿನ ಕಾವಲು ತೆಗೆಸಿ ಅವನನ್ನು ಮನೆಗೆ ಕಳಿಸಿ. ಅದಕ್ಕೆ ಕಾಗದಪತ್ರ ಓಡಾಡಬೇಕು ಎನ್ನುವುದಾದರೆ, ಇವತ್ತಿನಿಂದಲೇ ಅವನ ಹೆಂಡತಿ ಒಳಗೆ ಹೋಗಿ ಅವನ ಮುಂದೆ ಕೈಯಾಡಿಸಿ ಮಾತಾಡಲಿ. ಬಿಲ್ಲನ್ನು ಹಾಗೇ ಮುರಿದದ್ದೇ ಕೊಡಿ, ನಮ್ಮ ಬಡಗಿ ಕೂಡಿಸಿಕೊಡುತ್ತಾನೆ. ಕೆಂಪು ವೃತ್ತ ಎಳೆದ ವಕ್ತಾರರೇ ಅದೇ ಟಿವಿಯಲ್ಲಿ ಬಂದು, ಅದು ಹತ್ತಿ ಎಂದು ಹೇಳಲಿ. ಆಕ್ಟಿವ್ ವಾಯ್ಸಿನಲ್ಲಿ.

ಇನ್ನೊಂದು ಮಾತು. ಅವನು ಮತ್ತೆ ನಮ್ಮ ಬೀದಿಗೆ ಬರುತ್ತಾನೆ. ತಂತಿ ಮೀಟುತ್ತಾನೆ, ಅದು ನುಡಿಯಿತೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ನುಡಿಯಿತು ಎಂದು ನಾವೇ ತಿಳಿಸಬೇಕು. ಆಗ ತಮ್ಮ ಡ್ರೋನಿಗೆ, ಎಲ್ಲ ಕಿಟಕಿಗಳಲ್ಲೂ ಜನ ನಿಂತು, ಉದ್ದನೆಯ ಸಾಧನ ಹೊತ್ತ ಒಬ್ಬ ಮನುಷ್ಯನತ್ತ ಒಟ್ಟಿಗೆ ಕೈಬೀಸುತ್ತಿರುವುದು ಕಾಣುತ್ತದೆ. ದಯವಿಟ್ಟು ಕಂಪ್ಯೂಟರಿಗೆ ಈಗಲೇ ಹೇಳಿಟ್ಟಿರಿ.

ಇಂತಿ,
ಸದ್ಯಕ್ಕೆ ನೆಲದ ಮೇಲೆ ಮಲಗುತ್ತಿರುವ,
ತಾವು ಧ್ವಂಸ ಮಾಡಿದ ಉಡಾವಣಾ ಕೇಂದ್ರದ ಮಾಲೀಕ
(ತೂತು ಬನಿಯನ್ನಿನವನು, ತಮಗೆ ಗುರುತು ಸಿಗುತ್ತದೆ)