ಬಾಗದ ತಗಡು

ಭಾನುವಾರ, ಮಧ್ಯಾಹ್ನ

ತಮ್ಮಾ,

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಅದನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆ ಊಟ ಮಾಡಿ ಮಲಗಿದ್ದಾರೆ. ಅವರು ಏಳುವುದರೊಳಗೆ ಇದನ್ನು ಮುಗಿಸಿ ಕವರು ಅಂಟಿಸಬೇಕು.

ನಿನ್ನ ಹೆಂಡತಿ ಎಲ್ಲ ಹೇಳಿದಳು. ಶೆಡ್ಡಿಗೆ ಬೀಗ ಹಾಕಿದ್ದೀಯಂತೆ. ವೈಸು, ಡ್ರಿಲ್ಲು ಎಲ್ಲವನ್ನೂ ಗುಜರಿಯವನಿಗೆ ತೋರಿಸಿದ್ದೀಯಂತೆ. ಕಾಲಿಗೆ ಬಲವಿಲ್ಲದ ಆ ಟೀಚರಿಗೆ ಗಾಡಿಯ ಹಿಂದಿನ ಬ್ರೇಕನ್ನು ಕೈಗೆ ಬರುವ ಹಾಗೆ ಮಾಡಿಕೊಟ್ಟಿದ್ದೆಯಲ್ಲ, ಅವರು ಕೇಬಲ್ ಬಿಗಿ ಮಾಡಿಸಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ನನ್ನ ಕೈಯಿಂದ ಒಂದು ಜೀವ ಹೋಗಿದೆ ಮೇಡಂ, ಬೇರೆ ಕಡೆ ನೋಡ್ಕೊಳ್ಳಿ" ಅಂದೆಯಂತೆ. ಬೇರೆ ಕಡೆ ಎಲ್ಲಿ ನೋಡುತ್ತಾರೆ? ನೀನು ಮಾಡಿದ್ದು ನಿನಗಲ್ಲದೆ ಇನ್ನಾರಿಗೂ ಅರ್ಥವಾಗುವುದಿಲ್ಲ. ಅವರು ಆ ಸಡಿಲ ಬ್ರೇಕಿನಲ್ಲೇ ವಾಪಸು ಹೋದರಂತೆ. ಇದನ್ನೆಲ್ಲ ಹೇಳಿ ಕೊನೆಗೆ ಅವಳು ಅತ್ತಳು. "ಅಕ್ಕಾ, ತಟ್ಟೆ ಮುಂದಿಟ್ರೆ ನೋಡ್ತಾ ಕೂತಿರ್ತಾರೆ. ಇವರೂ ಹೋಗ್ಬಿಡ್ತಾರೇನೋ ಅಂತ ಭಯ ಆಗ್ತಿದೆ" ಅಂದಳು.

ಆ ಮಾತು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಒಬ್ಬರನ್ನು ಕಳೆದುಕೊಂಡಿದ್ದೇನೆ. ಇನ್ನೊಬ್ಬರನ್ನು ಕಳೆದುಕೊಳ್ಳುವ ಶಕ್ತಿ ಇಲ್ಲ.

ನಿನ್ನ ಭಾವನ ಬಲಗೈ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋದಾಗ ಅವರು ಹೇಗಿದ್ದರು ಎಂಬುದು ನಿನಗೆ ಗೊತ್ತು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅಂಗಿಯ ಗುಂಡಿ ಹಾಕಲು ನಾನು ಹತ್ತಿರ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪ್ರೆಸ್ಸಿನವರು, ಕಾಗದಪತ್ರ ತಲುಪಿಸುವ ಕೆಲಸ ಕೊಡುತ್ತೇವೆ, ಆದರೆ ಗಾಡಿ ಓಡಿಸಬೇಕಲ್ಲ ಎಂದರು. ಆಗ ಬಂದವನು ನೀನು. ಎಕ್ಸಲರೇಟರನ್ನು ಎಡಗೈಗೆ ತಂದೆ. ಕ್ಲಚ್ಚಿನ ಕೆಳಗೆ ಇನ್ನೊಂದು ಲಿವರ್ ಕೂರಿಸಿ ಮುಂದಿನ ಬ್ರೇಕನ್ನು ಅದಕ್ಕೆ ಕಟ್ಟಿದೆ. ಬಲತೋಳು ಒರಗಲು ಹ್ಯಾಂಡಲ್ಲಿನ ಮೇಲೆ ಚರ್ಮದ ಬಟ್ಟಲೊಂದನ್ನು ಹೊಲಿದೆ. ಹೆಲ್ಮೆಟ್ಟಿನ ಪಟ್ಟಿಗೂ ಒಂದೇ ಕೈಯಲ್ಲಿ ಹಾಕಿ ತೆಗೆಯುವ ಕೊಂಡಿ ಮಾಡಿಕೊಟ್ಟೆ. ಲಿವರ್ ಯಾವ ಬೆರಳಿಗೆ ಎಷ್ಟು ಎಟುಕುತ್ತದೆ ಎಂದು ನೀನು ಮತ್ತೆ ಮತ್ತೆ ಅಳೆಯುತ್ತಿದ್ದರೆ, "ಏನಯ್ಯಾ, ಮದುವೆ ಸೂಟಿಗೂ ಇಷ್ಟು ಅಳತೆ ತಗೊಂಡಿರಲಿಲ್ಲ" ಎಂದಿದ್ದರು. ಕೈ ಹೋದ ಮೇಲೆ ಅವರು ಆಡಿದ ಮೊದಲ ತಮಾಷೆಯ ಮಾತು ಅದು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದೆ.

ಆ ತಗಡಿನ ಚೂರು ನಿನಗೆ ನೆನಪಿದೆಯೇ? ಪೌಡರ್ ಡಬ್ಬಿಯಿಂದ ಕತ್ತರಿಸಿದ್ದು, ಬೆರಳಿಗಿಂತ ಸಣ್ಣದು. ಅದನ್ನು ಬ್ರೇಕ್ ಲಿವರಿನ ಹಿಂದೆ ಸಿಕ್ಕಿಸಿದ್ದೆ. ಮೆಲ್ಲಗೆ ಬ್ರೇಕ್ ಹಿಡಿದರೆ ಲಿವರ್ ಅದಕ್ಕೆ ತಾಗುವುದಿಲ್ಲ. ಗಾಬರಿಯಲ್ಲಿ ಪೂರ್ತಿ ಹಿಡಿದರೆ, ಇಲ್ಲವೇ ಕೇಬಲ್ ಸಡಿಲವಾಗಿ ಲಿವರ್ ಒಳಗೆ ಬಂದುಬಿಟ್ಟರೆ, ತಗಡು ಬಾಗುತ್ತದೆ. "ಇದು ನನ್ನ ಗೂಢಚಾರ ಭಾವ. ವಾರವೆಲ್ಲ ನೀವು ಹೇಗೆ ಓಡಿಸಿದ್ರಿ ಅಂತ ಚಾಡಿ ಹೇಳುತ್ತೆ" ಎಂದೆ ನೀನು. "ನಿಮ್ಮಕ್ಕ ಸಾಲದು ಅಂತ ಇದೊಂದು ಬೇರೆ" ಎಂದರು ಅವರು. ಭಾನುವಾರ ಬಂದರೆ ನೀನು ಟೀ ಕುಡಿಯುವ ಮೊದಲು ಅದನ್ನು ನೋಡುತ್ತಿದ್ದೆ. ಬಾಗಿದ್ದರೆ ತೆಗೆದು ಹೊಸದು ಹಾಕುತ್ತಿದ್ದೆ.

ಕೊನೆಯ ಭಾನುವಾರ ನೀನು ಹೊಸದು ಹಾಕಿದ್ದೆ. ಪೌಡರಿನ ವಾಸನೆ ಇನ್ನೂ ಇದೆ ಎಂದು ನನ್ನ ಮೂಗಿನ ಹತ್ತಿರ ಹಿಡಿದಿದ್ದೆ.

ಈಗ ಆ ಬೆಳಗಿನ ಮಾತು. ಎಂದಿನಂತೆ ನನ್ನನ್ನು ಗಾರ್ಮೆಂಟ್ಸಿಗೆ ಬಿಡಲು ಹೊರಟಿದ್ದರು. ನೀರಿನ ಟ್ಯಾಂಕಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, "ಬ್ರೇಕ್ ಯಾಕೋ ಸಡಿಲ ಇದೆ, ಇಬ್ಬರು ಬೇಡ, ನೀನು ಬಸ್ಸಿಗೆ ಹೋಗು" ಎಂದರು. ಇಳಿದೆ. ಮುಂದೆ ಸೇತುವೆಯ ಹತ್ತಿರ ಕೆಟ್ಟು ನಿಂತಿದ್ದ ಲಾರಿಗೆ ಹಿಂದಿನಿಂದ ಹೋಗಿ ಹೊಡೆದರು. ಬ್ರೇಕ್ ಹಾಕಿದ ಗುರುತು ರಸ್ತೆಯ ಮೇಲೆ ಇಲ್ಲ ಎಂದು ಪೊಲೀಸರು ಬರೆದುಕೊಂಡರು. ಆಸ್ಪತ್ರೆಯ ವರಾಂಡದಲ್ಲಿ ಯಾರೋ ಕೇಳಿದಾಗ ನಾನು ಅವರ ಮಾತನ್ನು ಹಾಗೇ ಹೇಳಿದೆ. ಬ್ರೇಕ್ ಸಡಿಲ ಇದೆ ಅಂದಿದ್ದರು ಎಂದೆ. ನೀನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನಾನು ನೋಡಿರಲಿಲ್ಲ. ನೋಡಿದಾಗ ನೀನು ನೆಲದ ಮೇಲೆ ಕುಳಿತಿದ್ದೆ.

ಅಲ್ಲಿಂದ ಅದು ಎಲ್ಲರ ಬಾಯಿಗೆ ಹೋಯಿತು. ಮನೆಯಲ್ಲಿ ಮಾಡಿದ ಬ್ರೇಕು, ಕಂಪನಿಯದ್ದಲ್ಲ, ಇನ್ನೇನಾಗುತ್ತದೆ ಎಂದರು. ಅತ್ತೆ ಅಂತೂ ಬೆಳಿಗ್ಗೆ ಎದ್ದ ಕೂಡಲೇ, "ಆ ಹಾಳು ಬ್ರೇಕು ನನ್ನ ಮಗನ್ನ ತಿಂತು" ಎಂದು ಶುರು ಮಾಡುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ. ಎತ್ತಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಅದನ್ನು ನಮ್ಮ ಮನೆಯ ಮೆಟ್ಟಿಲ ಕೆಳಗೆ ಟಾರ್ಪಾಲು ಮುಚ್ಚಿ ಇಟ್ಟಿದ್ದೇವೆ. ನೀನು ಅದನ್ನು ನೋಡಲು ಬರಲಿಲ್ಲ. ಅತ್ತೆ ಡಾಕ್ಟರ ಹತ್ತಿರ ಹೋಗಿದ್ದಾಗ ನಾನು ನೋಡಿದೆ. ಹೊಲಿದ ಅಂಗಿಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಲ್ಲವೇ? ಹಾಗೇ ನೋಡಿದೆ. ಗಾಡಿ ಬಲಕ್ಕೆ ಬಿದ್ದಿದೆ. ಚರ್ಮದ ಬಟ್ಟಲು ಹರಿದಿದೆ, ಮುಂದಿನ ಚಕ್ರ ಸೊಟ್ಟಗಾಗಿದೆ. ಎಡಗಡೆ ಒಂದು ಗೀರೂ ಇಲ್ಲ. ಚಕ್ರವನ್ನು ಎತ್ತಿ ತಿರುಗಿಸಿ ನಿನ್ನ ಲಿವರ್ ಮೆಲ್ಲಗೆ ಹಿಡಿದೆ. ಗಕ್ಕನೆ ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ನಿಂತಿತು. ಹಿಂದಿನ ಚಕ್ರಕ್ಕೆ ಕಾಲಿನ ಬ್ರೇಕು ಒತ್ತಿ ನೋಡಿದೆ. ಅದೂ ಹಿಡಿಯಿತು.

ಆಮೇಲೆ ತಗಡು ನೋಡಿದೆ. ನೇರವಾಗಿತ್ತು, ತಮ್ಮಾ. ನೀನು ಸಿಕ್ಕಿಸಿದ್ದು ಹೇಗಿತ್ತೋ ಹಾಗೇ.

ಬ್ರೇಕು ಕೆಟ್ಟಿದ್ದರೆ ಲಿವರ್ ಪೂರ್ತಿ ಒಳಗೆ ಬಂದು ತಗಡು ಬಾಗಬೇಕಿತ್ತು. ಕೆಡದಿದ್ದರೂ, ಎದುರಿಗೆ ಲಾರಿ ಕಂಡ ಮನುಷ್ಯ ಬಲವಾಗಿ ಹಿಡಿದಾಗ ಅದು ಬಾಗಬೇಕಿತ್ತು. ನೀನೇ ಹೇಳಿಕೊಟ್ಟ ಲೆಕ್ಕ ಇದು. ನಿನ್ನ ಬ್ರೇಕು ಕೈಕೊಡಲಿಲ್ಲ. ಅದನ್ನು ಯಾರೂ ಹಿಡಿಯಲೇ ಇಲ್ಲ.

ಯಾಕೆ ಹಿಡಿಯಲಿಲ್ಲ ಎಂದು ನನ್ನನ್ನು ಕೇಳಬೇಡ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆದಿರಬಹುದು. ತಲೆ ಸುತ್ತಿರಬಹುದು. ಆ ವಾರ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಪ್ರೆಸ್ಸಿನವರು ಇನ್ನು ಬರುವುದು ಬೇಡ ಎಂದಿದ್ದರು. ಅದನ್ನು ಅವರು ನನಗೆ ಹೇಳಿರಲಿಲ್ಲ, ಅವರು ಹೋದ ಮೇಲೆ ತಿಳಿಯಿತು. ಬ್ಯಾಗು ಹಾಕಿಕೊಂಡು ದಿನವೂ ಹೊರಡುತ್ತಿದ್ದರು. ಎಲ್ಲಿ ಕೂತು ಬರುತ್ತಿದ್ದರೋ ತಿಳಿಯದು. ಬಿಸಿಲೇ ಇರಬೇಕು. ನಾನು ಹಾಗಂದುಕೊಂಡಿದ್ದೇನೆ, ನೀನೂ ಹಾಗೇ ಅಂದುಕೋ.

ಇಷ್ಟು ಗೊತ್ತಿದ್ದೂ ಊರಿಗೆಲ್ಲ ಯಾಕೆ ಹೇಳುವುದಿಲ್ಲ ಎಂದು ನಿನಗೆ ಅನ್ನಿಸುತ್ತದೆ. ಹೇಳಲೆಂದೇ ಎರಡು ಸಲ ಅತ್ತೆಯ ಎದುರು ಹೋಗಿ ನಿಂತೆ. ಹೇಳದೆ ವಾಪಸು ಬಂದೆ. ಅವರಿಗೆ ನಿನ್ನ ಬ್ರೇಕು ಬೇಕು. ಬೈಯಲು ಅದೊಂದು ಇರುವುದರಿಂದ ಬೆಳಿಗ್ಗೆ ಏಳುತ್ತಾರೆ, ಬೈದು ದಣಿದು ಎರಡು ತುತ್ತು ತಿನ್ನುತ್ತಾರೆ. ಅದನ್ನು ಕಿತ್ತುಕೊಂಡರೆ ಅವರ ಕೈಗೆ ನಾನು ಏನು ಕೊಡಲಿ? ಇದು ನಿನಗೆ ಮಾಡುವ ಅನ್ಯಾಯ. ತಿಳಿದೇ ಮಾಡುತ್ತಿದ್ದೇನೆ. ನಿನ್ನ ತಲೆಯ ಮೇಲಿನ ಭಾರವನ್ನು ಜನರೆದುರು ಇಳಿಸುವುದು ನನ್ನ ಕೈಯಲ್ಲಿ ಆಗುತ್ತಿಲ್ಲ. ನಿನ್ನೊಳಗಿನದನ್ನಾದರೂ ಇಳಿಸು.

ಶೆಡ್ಡಿನ ಬೀಗ ತೆಗೆ. ಆ ಟೀಚರನ್ನು ಕರೆಸು. ಊಟ ಮಾಡು. ಅಕ್ಕ ಬದುಕಿದ್ದಾಳೆಯೇ, ಹೇಗಿದ್ದಾಳೆ ಎಂದು ಕೇಳಲಾದರೂ ಒಂದು ಸಲ ಬಾ.

ಅತ್ತೆ ಕೆಮ್ಮುತ್ತಿದ್ದಾರೆ. ಎದ್ದರು ಅನ್ನಿಸುತ್ತದೆ.

ನಿನ್ನ,
ಅಕ್ಕ

ಮರೆತ ಮಾತು: ಬಿಸಿಲು ಎಂದು ಬರೆದೆ. ಕವರು ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಟ್ಯಾಂಕಿನ ತಿರುವಿನಲ್ಲಿ ನಾನು ಇಳಿದ ಮೇಲೆ ಅವರು ನೀನು ಮಾಡಿದ ಕೊಂಡಿಯನ್ನು ಎಡಗೈಯಲ್ಲಿ ಬಿಚ್ಚಿ ಹೆಲ್ಮೆಟ್ಟು ತೆಗೆದು ನನ್ನ ಕೈಗೆ ಕೊಟ್ಟರು. "ಇದನ್ನ ಇಟ್ಕೊಂಡಿರು" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಬಸ್ಸು ಬರುತ್ತಿತ್ತು. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲೆ ಇತ್ತು. ಒಳಗೆ ಇನ್ನೂ ಬೆಚ್ಚಗಿತ್ತು. ಇದು ಇನ್ನಾರಿಗೂ ಗೊತ್ತಿಲ್ಲ. ತಗಡನ್ನು ಈ ಕವರಿನಲ್ಲೇ ಎರಡು ರಟ್ಟಿನ ನಡುವೆ ಇಟ್ಟಿದ್ದೇನೆ. ಯಾರಿಗೆ ತೋರಿಸುತ್ತೀಯೋ, ಬಿಸಾಡುತ್ತೀಯೋ ನಿನಗೆ ಬಿಟ್ಟದ್ದು. ಬಾಗಿದ್ದರೆ ಅದು ಅಂಚೆಯಲ್ಲಿ ಬಾಗಿದ್ದು. ನಿನ್ನ ಭಾವನ ಕೈಯಲ್ಲಿ ಅಲ್ಲ.