ಬಾಣದ ಗುರುತಿಗೆ ಜಾಗವಿರಲಿಲ್ಲ

ಮನೆಯಿಂದ, ಅಡುಗೆಮನೆಯ ಮೇಜು
ನವೆಂಬರ್ ೧೨, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಮೊದಲು ಏಳು. ಆ ಪೆಟ್ಟಿಗೆಯ ಮೇಲೆ ಕೂತು ಇದನ್ನು ಓದುತ್ತಿದ್ದರೆ ಎದ್ದು ನಿಲ್ಲು. ಎಷ್ಟೇ ಚಳಿಯಿದ್ದರೂ ಕಿಟಕಿ ಬಾಗಿಲು ಎರಡನ್ನೂ ತೆಗೆ. ಯಾವ ಸ್ವಿಚ್ಚನ್ನೂ ಮುಟ್ಟಬೇಡ, ಬೆಂಕಿಕಡ್ಡಿ ಗೀರಬೇಡ. ಹೊರಗೆ ಹೋಗಿ ಸಿಲಿಂಡರುಗಳ ಕೆಂಪು ತಿರುಪನ್ನು ಪೂರ್ತಿ ಮುಚ್ಚು. ಆಯಿತೇ? ಈಗ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಮುಂದಿನದನ್ನು ಓದು. ಹೇಗಿದ್ದೀಯ? ಮಂಡಿನೋವು ಹತ್ತುವಾಗ ಹೆಚ್ಚೋ ಇಳಿಯುವಾಗಲೋ? ಜೊತೆಯವರು ಹಲ್ಲುನೋವೆಂದು ಇಳಿದುಹೋದ ಮೇಲೆ ನೀನೊಬ್ಬನೇ ಹೊತ್ತುಹೊತ್ತಿಗೆ ಉಣ್ಣುತ್ತೀಯೋ, ಇಲ್ಲ ಡಬ್ಬಿಯಿಂದಲೇ ಬಾಯಿಗೆ ಹಾಕಿಕೊಳ್ಳುತ್ತೀಯೋ? ಅಮ್ಮ ಹೆಣೆದ ಕಾಲುಚೀಲ ಚುಚ್ಚುತ್ತದೆ ಎಂದು ಬರೆದಿದ್ದೆ. ಚುಚ್ಚಿದರೂ ಹಾಕಿಕೋ. ನಾವು ಚೆನ್ನಾಗಿದ್ದೇವೆ. ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಬಿಚ್ಚಿದ ದಿನವೇ ನನ್ನ ಮುಖ ನೋಡಿ, "ಇಷ್ಟು ಬಿಳಿಕೂದಲು ಯಾವಾಗ ಬಂತೇ, ನಂಗೆ ಹೇಳ್ದೆ ಕೇಳ್ದೆ?" ಎಂದು ಗದರಿದಳು.

ನಿನ್ನ ಹಿಂದಿನ ಕಾಗದ ಹದಿನೆಂಟನೇ ದಿನಕ್ಕೆ, ಹೋದ ಬುಧವಾರ ಬಂತು. ಅದರಲ್ಲಿ ನೀನು ಬರೆದದ್ದನ್ನು ನೋಡದೆಯೇ ಹೇಳಬಲ್ಲೆ: "ಅಕ್ಕ, ನಿನ್ನ ಪೆಟ್ಟಿಗೆ ಬಂತು. ಸೊಂಟ ಸಣ್ಣದು, ಆಳು ಉದ್ದ. ಒಳಕೋಣೆಯ ಛಾವಣಿಗೆ ತಲೆ ತಾಗಿತು, ಅದಕ್ಕೆ ಮಲಗಿಸಿಬಿಟ್ಟೆವು. ಈಗ ಅದೇ ನನ್ನ ಮಂಚ. ಬೆನ್ನಿಗೆ ಬಿಸಿ ತಾಗುತ್ತೆ, ನೀನೇ ಹೊದಿಸಿದ ಹಾಗೆ." ಅಮ್ಮ ಆ ಸಾಲನ್ನು ಎರಡು ಸಲ ಓದಿಸಿ ನಕ್ಕಳು. ನಾನೂ ಜೊತೆಗೆ ನಕ್ಕೆ. ಆಮೇಲೆ ಒಲೆಯ ಮುಂದೆ ಹೋಗಿ ನಿಂತಾಗ ಏನು ಮಾಡಲು ಬಂದೆನೆಂದೇ ಮರೆತುಹೋಗಿತ್ತು.

ಅದು ಮಲಗುವ ಪೆಟ್ಟಿಗೆಯಲ್ಲ, ತಮ್ಮಾ. ನೀನು ಅಂಕಿಗಳ ಮನುಷ್ಯ, ಬೆಟ್ಟದ ಠಾಣೆಯಲ್ಲಿ ಗಾಳಿ ಚಳಿ ಅಳೆಯುವವನು, ಅದರ ಒಳಗೇನಿದೆ ಎಂದು ನಾನು ನಿನಗೆ ಎಂದೂ ಸರಿಯಾಗಿ ಹೇಳಲಿಲ್ಲ. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಅದರಲ್ಲಿ ನೂರಾಇಪ್ಪತ್ತು ಕರಿಯ ತಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಪ್ರತಿ ತಟ್ಟೆಯ ಎರಡೂ ಮುಖದಲ್ಲಿ ಕೂದಲಗಲದ ಕಾಲುವೆಗಳು. ಒಂದು ಮುಖದಲ್ಲಿ ಜಲಜನಕ ಹರಿಯುತ್ತದೆ, ಇನ್ನೊಂದರಲ್ಲಿ ಗಾಳಿ. ನಡುವಿನ ತೆಳು ಪೊರೆಯಲ್ಲಿ ಅವು ಕೂಡಿದಾಗ ವಿದ್ಯುತ್ತು ಹುಟ್ಟುತ್ತದೆ, ಬಿಸಿ ಹುಟ್ಟುತ್ತದೆ, ಜೊತೆಗೆ ನೀರೂ ಹುಟ್ಟುತ್ತದೆ. ಆ ನೀರು ತನ್ನ ಭಾರಕ್ಕೆ ತಾನೇ ಇಳಿದು ಕೆಳಮೂಲೆಯ ತೂತಿನಿಂದ ಹೊರಗೆ ಹೋಗಬೇಕು. ಮಲಗಿಸಿದರೆ ಕೆಳಮೂಲೆ ಕೆಳಗಿರುವುದಿಲ್ಲ. ನೀರು ಅಂಚಿನ ಕಾಲುವೆಗಳಲ್ಲಿ ನಿಲ್ಲುತ್ತದೆ. ನಿಂತರೆ ತಟ್ಟೆಗಳಿಗೆ ಉಸಿರುಕಟ್ಟಿ ಪೆಟ್ಟಿಗೆ ತಾನಾಗಿ ಆರುತ್ತದೆ. ಆರಿದ ಮೇಲೆ ನಿನ್ನ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿ ಹಿಗ್ಗುತ್ತದೆ, ತಟ್ಟೆಯನ್ನು ಸೀಳುತ್ತದೆ. ಇದೇನೂ ತಿಳಿಯದ ನೀನು ಮತ್ತೆ ಚಾಲೂ ಮಾಡಿದರೆ ಜಲಜನಕ ಆ ಸೀಳಿನಿಂದ ಕೋಣೆಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಏರಿ ಛಾವಣಿಗೆ ಅಂಟಿಕೊಳ್ಳುತ್ತದೆ. ಅದನ್ನು ಕಂಡು ಕೂಗಬೇಕಾದ ಗಂಟೆ ಪೆಟ್ಟಿಗೆಯ ನೆತ್ತಿಯಲ್ಲಿದೆ, ಈಗ ನಿನ್ನ ನೆಲದ ಪಕ್ಕದಲ್ಲಿ.

ಆ ಪೆಟ್ಟಿಗೆ ಅಷ್ಟು ಉದ್ದವಾದದ್ದು ನನ್ನಿಂದ. ಹೊರೆಯಾಳಿನ ಬೆನ್ನಿನ ಅಗಲವನ್ನು ಮೀರಬಾರದು ಎಂದು ನಿಮ್ಮ ಇಲಾಖೆಯವರು ಕೇಳಿದ್ದರು. ನಮ್ಮ ಕಾರ್ಖಾನೆಯ ಮ್ಯಾನೇಜರು ಅಂಗೈ ತೋರಿಸಿ, "ಇಷ್ಟಗಲ ಕಡಿಮೆ ಮಾಡಿಕೊಡಿ ಮೇಡಂ, ಕರೆಂಟು ಮಾತ್ರ ಒಂಚೂರೂ ಕಡಿಮೆ ಆಗ್ಬಾರ್ದು" ಎಂದರು. ನಾನು ಎಂಟು ತಿಂಗಳು ಕೂತೆ. ಹಳೆಯ ತಟ್ಟೆಯಲ್ಲಿ ನೂರು ಪಾಲಿಗೆ ಐವತ್ತೆಂಟು ಪಾಲು ಮಾತ್ರ ದುಡಿಯುತ್ತಿತ್ತು. ಮಿಕ್ಕದ್ದು ತೂತುಗಳಿಗೆ, ರಬ್ಬರು ಪಟ್ಟಿಗೆ, ಕಾಲುವೆಗಳು ಕವಲೊಡೆಯುವುದಕ್ಕೆ, ಅಂಚಿಗೆ. ನಮ್ಮಲ್ಲಿ ಅದಕ್ಕೆ ಸತ್ತ ಜಾಗ ಎನ್ನುತ್ತಾರೆ. ನಾನು ತಟ್ಟೆಯನ್ನು ಸಣ್ಣಗೆ ಉದ್ದಕ್ಕೆ ಎಳೆದೆ, ತೂತುಗಳನ್ನು ಬದಿಗೆ ಸರಿಸಿದೆ, ನೀರಿನ ಎರಡು ತೂತಿನಲ್ಲಿ ಒಂದನ್ನು ಕೈಬಿಟ್ಟೆ. ಎಪ್ಪತ್ತನಾಲ್ಕು ಪಾಲು ದುಡಿಯುವ ಹಾಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೂ ಎರಡು ಮಿಲಿಮೀಟರು ಬೇಕಿತ್ತು. ಹೊರ ಮುಚ್ಚಳದ ಅಂಚನ್ನು ತರಿದೆ. ಆ ಅಂಚಿನ ಮೇಲೆ ಒಂದು ಬಾಣದ ಗುರುತು ಕೊರೆಯುತ್ತಿದ್ದರು, ಈ ತುದಿ ಮೇಲಕ್ಕೆ ಎಂದು ತೋರಿಸುವುದಕ್ಕೆ. ಅಂಚು ಹೋದ ಮೇಲೆ ಬಾಣಕ್ಕೆ ಜಾಗವಿರಲಿಲ್ಲ. ನಕ್ಷೆಯ ಮೂಲೆಯಲ್ಲಿ ನನ್ನ ಕೈಬರಹದಲ್ಲೇ ಇದೆ: ಗುರುತು ಬೇಕಿಲ್ಲ, ಇದನ್ನು ಯಾರು ಮಲಗಿಸುತ್ತಾರೆ?

ನನ್ನ ತಮ್ಮ ಮಲಗಿಸುತ್ತಾನೆ ಎಂದು ನನಗೆ ಗೊತ್ತಿರಬೇಕಿತ್ತು. ಎರಡು ಕೋಣೆಯಲ್ಲಿ ಆರು ಜನ ಬೆಳೆದವರಲ್ಲವೇ ನಾವು. ನಿಲ್ಲಿಸಿದ್ದನ್ನು ಮಲಗಿಸಿ, ಮಲಗಿಸಿದ್ದನ್ನು ನಿಲ್ಲಿಸಿ, ಕಬ್ಬಿಣದ ಟ್ರಂಕನ್ನು ಹಗಲು ಮೇಜು ಇರುಳು ಮಂಚ ಮಾಡಿ, ಪಾತ್ರೆಯೊಳಗೆ ಪಾತ್ರೆ ಕೂರಿಸಿ ಬದುಕಿದವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ನಮಗೆ ಹಾಸಿಗೆಯೇ ಒಂದು, ಕಾಲು ನಾಲ್ಕು. ನೆನಪಿದೆಯಾ, ನಾನು ಸೀಮೆಸುಣ್ಣದಲ್ಲಿ ಹಾಸಿಗೆಯ ನಡುವೆ ಗೆರೆ ಎಳೆದು, "ಗೋಡೆ ಕಡೆಯ ಅರ್ಧ ನಿನ್ನದು, ದಾಟಿದ್ರೆ ಕಾಲು ಮುರೀತೀನಿ" ಎನ್ನುತ್ತಿದ್ದೆ. ಬೆಳಿಗ್ಗೆ ನೋಡಿದರೆ ನೀನು ಅಡ್ಡಡ್ಡ ಮಲಗಿರುತ್ತಿದ್ದೆ, ಗೆರೆ ನಿನ್ನ ಬೆನ್ನಿಗೆ ಅಂಟಿರುತ್ತಿತ್ತು. ಖಾಲಿ ಜಾಗ ಕಂಡರೆ ಏನಾದರೂ ತುಂಬುವ ಚಾಳಿ ನನಗೆ ಅಲ್ಲಿಂದ ಬಂದದ್ದು. ಅದಕ್ಕೇ ಈ ಕೆಲಸದಲ್ಲಿ ಗೆದ್ದೆ. "ಇಷ್ಟು ಓದಿ ಕೊನೆಗೆ ತಟ್ಟೆ ಮಾಡೋ ಕಾರ್ಖಾನೆ ಸೇರಿದ್ಯಲ್ಲೇ, ಲೋಟ ಯಾವಾಗ ಮಾಡ್ತೀರಿ?" ಎಂದು ಅಮ್ಮ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾಳೆ. ಮನೆಗೆ ಬಂದು ಕವಿತೆ ಓದುತ್ತಾ ಕೂರುವವಳು ನಾನು. ಸಾಲು ಮುಗಿದ ಮೇಲೆ ಉಳಿಯುವ ಬಿಳಿ ಜಾಗದಲ್ಲೇ ಅರ್ಧ ಕವಿತೆ ಇರುತ್ತದೆ ಎಂದು ಇನ್ನೊಬ್ಬರಿಗೆ ಹೇಳಿಕೊಡಬಲ್ಲೆ. ತಟ್ಟೆಯ ಅಂಚಿಗೆ ಬಂದಾಗ ಅದು ನೆನಪಾಗಲಿಲ್ಲ.

ಬುಧವಾರ ಕಾಗದ ಬಂದ ಮೇಲೆ ಸುಮ್ಮನೆ ಹೆದರುವುದು ಬೇಡ, ನೋಡಿಯೇ ಬಿಡೋಣ ಎಂದುಕೊಂಡೆ. ನಮ್ಮ ಪರೀಕ್ಷಾ ಕೋಣೆಯಲ್ಲಿ ಒಬ್ಬರಿದ್ದಾರೆ, ಸದಾ ಜೇಬಿನಲ್ಲಿ ಸ್ಪ್ಯಾನರು ಇಟ್ಟುಕೊಂಡಿರುವುದರಿಂದ ಎಲ್ಲರಿಗೂ ಸ್ಪ್ಯಾನರಕ್ಕ. ಅವರು ನಾನು ಹೇಳಿದ್ದು ಕೇಳಿ, "ಮಲಗಿಸಿದ್ರಾ? ಅದೇನು ಬಾಣಂತಿನಾ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ತೋಳು ಮಡಚಿದರು. ಇಬ್ಬರೂ ಸೇರಿ ಒಂದು ಪೆಟ್ಟಿಗೆಯನ್ನು ತಣ್ಣನೆ ಕೋಣೆಯಲ್ಲಿ ಮಲಗಿಸಿ, ನೀನು ಉರಿಸುವಷ್ಟೇ ದೀಪ ಹಚ್ಚಿ ಬಿಟ್ಟೆವು. ಎರಡನೇ ದಿನ ಹದಿನಾಲ್ಕು ತಟ್ಟೆ ಸೋತವು. ಮೂರನೇ ದಿನ ಪೆಟ್ಟಿಗೆ ತಾನಾಗಿ ಆರಿತು. ನಿನ್ನದು ಹೀಗೆ ಆರಿದಾಗಲೆಲ್ಲ, ನೀರು ಹೆಪ್ಪುಗಟ್ಟುವಷ್ಟು ಚಳಿ ಬರುವವರೆಗೆ, ನೀನು ಮತ್ತೆ ಹಚ್ಚಿಕೊಂಡಿರುತ್ತೀಯ. ನಿನ್ನೆ ಬಿಚ್ಚಿದೆವು. ಅರವತ್ತೊಂದನೇ ತಟ್ಟೆಯ ಮೂಲೆಯಲ್ಲಿ, ನಾನು ತೂತು ಕೈಬಿಟ್ಟ ಕಡೆಯಲ್ಲೇ, ಉಗುರಿನಲ್ಲಿ ಗೀರಿದ ಹಾಗೆ ಒಂದು ಸೀಳು. ಸ್ಪ್ಯಾನರಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಅವರು ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ಆ ತಟ್ಟೆಯನ್ನು ಹಿಡಿದುಕೊಂಡೇ ಮ್ಯಾನೇಜರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ನಿನಗೆ ಗೊತ್ತಲ್ಲ. ನೀರು ಕುಡಿಸಿದರು. "ಕೈಪಿಡಿ ನಲವತ್ತೊಂದನೇ ಪುಟದಲ್ಲಿ ನಿಲ್ಲಿಸಿ ಇಡಿ ಅಂತ ಬರ್ದಿದೆ ತಾನೆ? ಓದದೇ ಇದ್ದಿದ್ದು ಅವ್ರ ತಪ್ಪು. ನಾವಾಗೇ ಕಾಗದ ಕೊಟ್ರೆ ತಪ್ಪು ಒಪ್ಪಿಕೊಂಡ ಹಾಗೆ. ವಕೀಲರನ್ನ ಕೇಳಿ ವಾರದೊಳಗೆ ಹೇಳ್ತೀನಿ" ಎಂದರು. ಅಲ್ಲಿಂದ ನಿಮ್ಮ ಹವಾಮಾನ ಕಚೇರಿಗೆ ಹೋದೆ. ನಿನಗೆ ರೇಡಿಯೋದಲ್ಲಿ ಒಂದೇ ಒಂದು ಮಾತು ಹೇಳಿ ಎಂದು ಗುಮಾಸ್ತರನ್ನು ಕೇಳಿದೆ. "ಅದ್ರಲ್ಲಿ ಅಂಕಿ ಮಾತ್ರ ಹೋಗುತ್ತೆ ಮೇಡಂ, ಮನೆ ಸುದ್ದಿ ಹೋಗಲ್ಲ. ಪೆಟ್ಟಿಗೆ ವಿಚಾರ ಅಂದ್ರೆ ಕಂಪನಿ ಲೆಟರ್‌ಹೆಡ್‌ನಲ್ಲೇ ಬರ್ಲಿ" ಎಂದರು. ಇತ್ತ ಲೆಟರ್‌ಹೆಡ್ ಕೊಡುವವರಿಲ್ಲ, ಅತ್ತ ಅದಿಲ್ಲದೆ ಕೇಳುವವರಿಲ್ಲ. ನಾನೇ ಸರಕಿನ ಲಾರಿಯಲ್ಲಿ ಬರುತ್ತೇನೆಂದರೆ, ಪರವಾನಗಿ ಇಲ್ಲದವರನ್ನು ಮೊದಲ ಗೇಟಿನಲ್ಲೇ ಇಳಿಸುತ್ತಾರಂತೆ. ಎರಡು ಮಿಲಿಮೀಟರಿಗಾಗಿ ಎಂಟು ತಿಂಗಳು ಹಟ ಹಿಡಿದ ಹೆಂಗಸಿಗೆ ಒಂದು ಮಾತನ್ನು ಬೆಟ್ಟ ಹತ್ತಿಸಲು ಆಗುತ್ತಿಲ್ಲ.

ಕೊನೆಗೆ ಒಪ್ಪಿದ್ದು ಲಾರಿಯವರು. ಇವತ್ತು ಮಧ್ಯಾಹ್ನ ಹೊರಟು ಶುಕ್ರವಾರ ರಸ್ತೆ ಮುಗಿಯುವಲ್ಲಿಗೆ ಮುಟ್ಟುತ್ತಾರೆ, ಅಲ್ಲಿಂದ ಹೊರೆಯಾಳು ಎರಡು ದಿನ ನಡೆಯಬೇಕು. ಭಾನುವಾರ ನಿನ್ನ ಕೈ ಸೇರಬಹುದು. ಕೋಣೆಗೆ ಎರಡು ಗಂಟೆ ಗಾಳಿಯಾಡಿದ ಮೇಲೆ ಹೊರಕೋಣೆಯಲ್ಲಿ ಹಳೆಯ ಸೀಮೆಎಣ್ಣೆ ಒಲೆ ಹಚ್ಚಿಕೋ. ಪೆಟ್ಟಿಗೆಯನ್ನು ನಿಲ್ಲಿಸುವ ಗೋಜಿಗೆ ಹೋಗಬೇಡ, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ, ಮಂಡಿ ಬೇರೆ. ಅದನ್ನು ಹಾಗೇ ಸತ್ತಂತೆ ಬಿಟ್ಟು ಹೊರೆಯಾಳಿನ ಜೊತೆ ಇಳಿದು ಬಾ. ನಿನ್ನ ಮಾಪಕಗಳನ್ನು ಬಿಟ್ಟು ಬರಲು ನಿನಗೆ ಮನಸ್ಸಾಗುವುದಿಲ್ಲ, ಗೊತ್ತು. ಆದರೂ ಬಾ. ಅಮ್ಮನಿಗೆ ನಾನು ಇದೇನನ್ನೂ ಹೇಳಿಲ್ಲ. ಅವಳು ದಿನಾ ಬೆಳಿಗ್ಗೆ ಪತ್ರಿಕೆಯ ಹವಾಮಾನ ಪಟ್ಟಿಯಲ್ಲಿ ನಿನ್ನ ಠಾಣೆಯ ಸಾಲನ್ನು ಬೆರಳಿಟ್ಟು ಓದುತ್ತಾಳೆ, ಈಗ ಕಣ್ಣು ಬಂದಿದೆಯಲ್ಲ. ನಾಲ್ಕು ದಿನದಿಂದ ಒಂದೇ ಸಮ: ಸೊನ್ನೆಗಿಂತ ಮೂರು ಕೆಳಗೆ, ವಾಯವ್ಯದ ಗಾಳಿ. "ಹವೆ ಸ್ಥಿರವಾಗಿದೆ ಕಣೇ, ಮಗು ಬೆಚ್ಚಗಿರ್ತಾನೆ" ಎನ್ನುತ್ತಾಳೆ. ನಿನ್ನ ಕಾಗದ ಬಂದಾಗಿನಿಂದ ನನಗೂ ಆ ಸಾಲೇ ಆಸರೆ. ನೀನು ಎದ್ದು, ಹೊರಗೆ ಹೋಗಿ, ಪಾದರಸ ನೋಡಿ, ಬರೆದು ಕಳಿಸಿದ್ದೀಯ ಎಂದರೆ ಆ ದಿನ ನೀನಿದ್ದೀಯ ಎಂದು ಅರ್ಥ.

ಅಮ್ಮ ಆಶೀರ್ವಾದ ಬರೆ ಎನ್ನುತ್ತಿದ್ದಾಳೆ. ಕಾಲುಚೀಲದ ಇನ್ನೊಂದು ಜೊತೆಗೆ ಉಣ್ಣೆ ಸುತ್ತುತ್ತಿದ್ದಾಳೆ, ಈ ಸಲ ಚುಚ್ಚದ್ದು. ನನ್ನ ಹಾರೈಕೆಗಳೆಲ್ಲ ನಿನ್ನ ಬೆನ್ನಿಗಿರಲಿ. ಬೇಗ ಬಾ, ಬೈಯುವುದು ಬೇಕಾದಷ್ಟಿದೆ, ಎರಡೂ ಕಡೆಯಿಂದ.

ನಿನ್ನ
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇನ್ನೊಮ್ಮೆ ಬೇಡಿಕೊಳ್ಳೋಣವೆಂದು ಗುಮಾಸ್ತರಿಗೆ ಫೋನ್ ಮಾಡಿದೆ. ಹವೆ ಸ್ಥಿರವಾಗಿದೆಯಲ್ಲ ಎಂದೆ, ಮಾತಿಗೆ. "ಎಲ್ಲಿ ಮೇಡಂ, ಶನಿವಾರದಿಂದ ಅಲ್ಲಿಂದ ಏನೂ ಬಂದಿಲ್ಲ. ಬರದೇ ಇದ್ದ ದಿನ ಹಿಂದಿನ ದಿನದ್ದೇ ಹಾಕ್ತೀವಿ. ಪಟ್ಟೀಲಿ ಜಾಗ ಖಾಲಿ ಬಿಡೋ ಹಾಗಿಲ್ಲ. ರೇಡಿಯೋ ಕೆಡೋದು ಮಾಮೂಲು, ಏಳು ದಿನ ಆದ್ಮೇಲೆ ಆಳು ಕಳಿಸ್ತೀವಿ" ಎಂದರು. ನಾನು ಕಿರುಚಿದೆನಂತೆ, ಅಮ್ಮ ಉಣ್ಣೆ ಕೆಳಗೆ ಹಾಕಿ ಬಂದು ನಿಂತಿದ್ದಾಳೆ, ಏನೆಂದು ಕೇಳುತ್ತಿದ್ದಾಳೆ. ಲಾರಿಯವರು ಕೆಳಗೆ ಹಾರನ್ ಹೊಡೆಯುತ್ತಿದ್ದಾರೆ. ನನ್ನ ಕಾಗದದಲ್ಲಿ ಇರುವೆ ನಡೆಯಲೂ ಜಾಗವಿರುವುದಿಲ್ಲ ಎಂದು ಹಂಗಿಸುತ್ತಿದ್ದೆಯಲ್ಲ, ಈ ಸಲ ಬಿಟ್ಟಿದ್ದೇನೆ. ಅಕ್ಷರ ಬೇಡ, ಪೆನ್ಸಿಲಿನಲ್ಲಿ ಒಂದು ಗೀಟು ಎಳೆದು ಹೊರೆಯಾಳಿನ ಕೈಗೆ ಕೊಡು, ಸಾಕು. ಈ ಹಾಳೆಯ ಕೆಳಗಿನ ಅರ್ಧ ನಿನ್ನದು.